ಒಂದೇ ಪ್ಲೈವುಡ್ ಶೀಟಿನಲ್ಲಿ ಆರಡಿ ಕಪಾಟು

ಎಂಟಡಿ ಉದ್ದ, ನಾಲ್ಕಡಿ ಅಗಲದ 18 ಮಿಮೀ ಪ್ಲೈವುಡ್ ಶೀಟು ಒಂದು. ಬೆನ್ನಿಗೆ ಆರಡಿಗೆ ಮೂರಡಿಯ 6 ಮಿಮೀ ಶೀಟು ಒಂದು. ಮರದ ಲೆಕ್ಕ ಇಷ್ಟೇ. ಇದರಲ್ಲಿ 1800 ಮಿಮೀ ಎತ್ತರ, 606 ಮಿಮೀ ಅಗಲ, 306 ಮಿಮೀ ಆಳದ ಕಪಾಟು ಏಳುತ್ತದೆ: ಮೇಲೆ ಪುಸ್ತಕಕ್ಕೆ ತೆರೆದ ನಾಲ್ಕು ಅರೆ, ಕೆಳಗೆ ಜೋಡಿ ಬಾಗಿಲಿನ ಹಿಂದೆ ಎರಡು ಅರೆ. ಅಳತೆಗಳನ್ನು 18 ಮಿಮೀ ಶೀಟಿಗೆ ಹೊಂದಿಸಿಯೇ ಇಟ್ಟಿರುವುದರಿಂದ ಕೊನೆಗೆ ಅದರಲ್ಲಿ ಉಳಿಯುವುದು ಕೆಲವು ಸಣ್ಣ ತುಂಡು ಮಾತ್ರ.

ಮನೆಯಲ್ಲಿ ಮಾಡಿದ ಕಪಾಟು ಸ್ಕ್ರೂ ಬಿಗಿಯಲು ಬಾರದ್ದರಿಂದ ಕೆಡುವುದು ಅಪರೂಪ. ಪ್ಲೈಯ ನಿಜವಾದ ದಪ್ಪ ನೋಡದೆ ಕೊಯ್ದಿರುತ್ತಾರೆ. ಒಂದೇ ಅಳತೆಯಲ್ಲಿರಬೇಕಾದ ಹಲಗೆಗಳು ಒಂದೊಂದು ಮಿಮೀ ಹೆಚ್ಚುಕಡಿಮೆ ಆಗಿರುತ್ತವೆ. ಚೌಕಟ್ಟು ನೇರವಿದೆಯೇ ಎಂದು ನೋಡುವ ಮೊದಲೇ ಬೆನ್ನಿನ ಹಲಗೆ ಬಡಿದಿರುತ್ತಾರೆ. ಕಾರಣ ಹೆಚ್ಚಾಗಿ ಈ ಮೂರರಲ್ಲೊಂದು. ಆದ್ದರಿಂದ ಡ್ರಿಲ್ ಕೈಗೆತ್ತಿಕೊಳ್ಳುವ ಮೊದಲಿನ ಕೆಲಸಕ್ಕೇ ಹೆಚ್ಚು ಹೊತ್ತು ಕೊಡಿ.

ಪ್ಲೈ ಆರಿಸುವುದು

ಅಂಗಡಿಯಲ್ಲಿ ಎರಡು ಸಂಖ್ಯೆ ಕೇಳಿಬರುತ್ತವೆ, 303 ಮತ್ತು 710. ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಮಾನದಂಡಗಳ ಸಂಖ್ಯೆಗಳಿವು. 303 ಎಂದರೆ ಸಾಮಾನ್ಯ ಬಳಕೆಯ ಪ್ಲೈ. ಅದರಲ್ಲಿ ಎಂಆರ್ ಎಂದು ಗುರುತಿರುವುದು ಗಾಳಿಯ ತೇವವನ್ನು ತಾಳುತ್ತದೆ, ನಿಂತ ನೀರನ್ನು ತಾಳುವುದಿಲ್ಲ. 710 ಎಂದರೆ ಮರೀನ್ ಪ್ಲೈ. ಅದರ ಪದರಗಳನ್ನು ಹಿಡಿದಿರುವ ಅಂಟು ಕುದಿನೀರಿಗೂ ಬಿಟ್ಟುಕೊಳ್ಳದ ಜಾತಿಯದು. ಬಳ್ಳಾರಿ, ಕಲಬುರಗಿ, ಚಿತ್ರದುರ್ಗದಂಥ ಒಣ ಊರಿನ ಒಳಕೋಣೆಗೆ ಎಂಆರ್ ಸಾಕು. ಕರಾವಳಿಯಲ್ಲಿ, ಮಡಿಕೇರಿ, ತೀರ್ಥಹಳ್ಳಿ, ಶೃಂಗೇರಿಯ ಕಡೆ, ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವ ಮನೆಗಳಲ್ಲಿ, 710 ಬಿಟ್ಟು ಬೇರೆ ಬೇಡ. ಊರು ಯಾವುದೇ ಇರಲಿ, ಬಚ್ಚಲಿನ ಗೋಡೆಗೆ ಬೆನ್ನು ಕೊಟ್ಟು ನಿಲ್ಲುವ ಕಪಾಟಾದರೆ ಅದಕ್ಕೂ 710.

ಶೀಟಿನ ಮೇಲೆ ಐಎಸ್‌ಐ ಮುದ್ರೆ, ಜೊತೆಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಪರವಾನಗಿ ಯಾರದು, ಚಾಲ್ತಿಯಲ್ಲಿದೆಯೇ ಎಂಬುದು ಅಲ್ಲೇ ಗೊತ್ತಾಗುತ್ತದೆ. ಮುದ್ರೆ ನೋಡಿದ ಮೇಲೂ ಶೀಟನ್ನು ಕಣ್ಣಿಂದ ಪರೀಕ್ಷಿಸಿ. ನಾಲ್ಕೂ ಅಂಚುಗಳಲ್ಲಿ ಪದರಗಳ ನಡುವೆ ಸಂದುಗಳಿವೆಯೇ, ಒಂದು ಪದರ ಇನ್ನೊಂದರ ಮೇಲೆ ಹತ್ತಿ ಕುಳಿತಿದೆಯೇ ಎಂದು ನೋಡಿ. ಬೆರಳ ಗೆಣ್ಣಿನಿಂದ ಅಡಿಗೊಮ್ಮೆ ತಟ್ಟುತ್ತ ಹೋದರೆ ಒಳಗೆ ಪೊಳ್ಳಿರುವ ಕಡೆ ಸದ್ದು ಬದಲಾಗುತ್ತದೆ. ಆ ಪೊಳ್ಳಿನೊಳಕ್ಕೆ ಹೋದ ಸ್ಕ್ರೂ ಏನನ್ನೂ ಹಿಡಿಯುವುದಿಲ್ಲ.

ಗೋಡೆಗೆ ಒರಗಿಸಿಟ್ಟ ಶೀಟನ್ನು ಹಾಗೇ ಒಪ್ಪಿಕೊಳ್ಳಬೇಡಿ. ಸಮನೆಲದ ಮೇಲೆ ಮಲಗಿಸಲು ಹೇಳಿ. ಉದ್ದಕ್ಕೆ ಒಂದೇ ಕಡೆ ಅಲ್ಪಸ್ವಲ್ಪ ಬಾಗಿದ್ದರೆ ಜೋಡಿಸುವಾಗ ಸರಿಹೋಗುತ್ತದೆ. ಮೂರು ಮೂಲೆ ನೆಲಕ್ಕೆ ತಾಗಿ ನಾಲ್ಕನೆಯದು ಎದ್ದು ನಿಂತರೆ ಶೀಟು ತಿರುಚಿಕೊಂಡಿದೆ ಎಂದರ್ಥ. ಅದರಿಂದ ಕೊಯ್ದ ಬಾಗಿಲು ಎಂದೂ ನೆಟ್ಟಗೆ ಕೂರುವುದಿಲ್ಲ.

ಇನ್ನು ದಪ್ಪ. 18 ಎಂದು ಬರೆದಿರುವ ಶೀಟು 17.4 ಇರಬಹುದು, 18.3 ಇರಬಹುದು. ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರ್ ಇದ್ದರೆ ನಾಲ್ಕು ಕಡೆ ಅಳೆಯಿರಿ. ಇಲ್ಲದಿದ್ದರೆ ಅದೇ ಶೀಟಿನ ನಾಲ್ಕು ತುಂಡುಗಳನ್ನು ಒಂದರ ಮೇಲೊಂದಿಟ್ಟು ಅಳೆದು ನಾಲ್ಕರಿಂದ ಭಾಗಿಸಿದರೆ ಟೇಪಿನಲ್ಲೇ ಸಾಕಷ್ಟು ನಿಖರವಾಗಿ ಸಿಗುತ್ತದೆ. ಇಲ್ಲಿರುವ ಎಲ್ಲ ಅಳತೆಯೂ ಸರಿಯಾಗಿ 18 ಎಂದು ಹಿಡಿದು ಮಾಡಿದ್ದು. ನಿಮ್ಮದು ಬೇರೆಯಾದರೆ ಬದಲಾಗುವುದು ಬಾಗಿಲಿನ ಅಗಲ. ಆ ಲೆಕ್ಕ ಮುಂದೆ ಇದೆ.

ಅಗ್ಗಕ್ಕೆ ಸಿಗುವ ಪಾರ್ಟಿಕಲ್ ಬೋರ್ಡು ಈ ಕೆಲಸಕ್ಕೆ ಬೇಡ. ಅದರ ಅಂಚಿಗೆ ಹೊಡೆದ ಸ್ಕ್ರೂವನ್ನು ಒಮ್ಮೆ ಬಿಚ್ಚಿ ಮತ್ತೆ ಹಾಕಿದರೆ ಮೊದಲಿನ ಹಿಡಿತ ಬರುವುದಿಲ್ಲ, ನೆಲ ಒರೆಸುವ ನೀರು ತಾಗಿದರೆ ಬುಡ ಹೂವಿನಂತೆ ಅರಳುತ್ತದೆ.

ಒಳ ಅಗಲ 570ಕ್ಕೇ ಏಕೆ ನಿಂತಿತು

ಒತ್ತಾಗಿ ಜೋಡಿಸಿದ ಪುಸ್ತಕ ಒಂದು ಅಡಿಗೆ ಸುಮಾರು 8ರಿಂದ 10 ಕಿಲೊ ತೂಗುತ್ತದೆ. ಹೊರ ಅಗಲ 606ರಲ್ಲಿ ಎರಡೂ ಬದಿಯ 18 ಕಳೆದರೆ ಅಡ್ಡಹಲಗೆಯ ಉದ್ದ 570 ಮಿಮೀ; ಅದರ ಮೇಲೆ 15ರಿಂದ 19 ಕಿಲೊ. ಇಷ್ಟು ಭಾರಕ್ಕೆ 18 ಮಿಮೀ ಪ್ಲೈ ಬಗ್ಗುವುದು ಒಂದು ಮಿಮೀಗಿಂತ ಕಡಿಮೆ, ಕಣ್ಣಿಗೆ ಕಾಣುವುದಿಲ್ಲ. ಹಲಗೆಯ ಉದ್ದವನ್ನು ಮೂರಡಿಗೆ, ಅಂದರೆ ಸುಮಾರು 900ಕ್ಕೆ ಏರಿಸಿ ಪೂರ್ತಿ ಪುಸ್ತಕ ತುಂಬಿದರೆ ಬಾಗು ಒಂದೂವರೆ ಪಟ್ಟಾಗುವುದಿಲ್ಲ, ಆರು ಪಟ್ಟಾಗುತ್ತದೆ. ಉದ್ದದ ನಾಲ್ಕನೆಯ ಘಾತದಂತೆ ಅದು ಬೆಳೆಯುತ್ತದೆ. ವರ್ಷಗಟ್ಟಲೆ ಭಾರ ಹೊತ್ತ ಮರ ಇನ್ನಷ್ಟು ಇಳಿಯುತ್ತದೆ. ದಪ್ಪದ್ದೂ ಹಾಗೆಯೇ: 18ರ ಬದಲು 12 ಮಿಮೀ ಹಾಕಿದರೆ ಬಾಗು ಮೂರು ಪಟ್ಟಿಗೂ ಹೆಚ್ಚು. ಮೂರಡಿ, ನಾಲ್ಕಡಿ ಅಗಲದ ಕಪಾಟು ಬೇಕೇ ಬೇಕೆಂದರೆ ಇದೇ ಅಗಲದ ಎರಡನ್ನು ಅಕ್ಕಪಕ್ಕ ನಿಲ್ಲಿಸಿ.

ಮರದ ಎಳೆ ಯಾವ ಕಡೆ ಓಡುತ್ತದೆ ಎಂಬುದೂ ಮುಖ್ಯ. ಮೇಲ್ಪದರದ ಎಳೆ ಹಲಗೆಯ ಉದ್ದಕ್ಕೆ ಓಡಬೇಕು. ಅಡ್ಡ ಓಡಿದರೆ ಅದೇ ಪ್ಲೈ ಅದೇ ಭಾರಕ್ಕೆ ಹೆಚ್ಚು ಬಗ್ಗುತ್ತದೆ. ಶೀಟನ್ನು ಮೊದಲು ಎಂಟಡಿಯ ಉದ್ದಕ್ಕೆ ಪಟ್ಟಿಗಳಾಗಿ ಸೀಳಿ, ಆಮೇಲೆ ಅಡ್ಡ ತುಂಡರಿಸಿದರೆ ಇದು ತಾನಾಗಿಯೇ ಸರಿಹೋಗುತ್ತದೆ.

ಕೊಯ್ಸುವುದು

18 ಮಿಮೀ ಪೂರ್ತಿ ಶೀಟು 30ರಿಂದ 40 ಕಿಲೊ ತೂಗುತ್ತದೆ, ಲಿಫ್ಟಿನಲ್ಲಿ ಹಿಡಿಸುವುದಿಲ್ಲ, ಮನೆಯ ಜಗಲಿಯಲ್ಲಿ ಅದನ್ನು ನೇರವಾಗಿ ಸೀಳುವುದು ಸುಲಭವೂ ಅಲ್ಲ. ಅಂಗಡಿಯಲ್ಲಿ ಅಥವಾ ಹತ್ತಿರದ ಮಿಲ್ಲಿನಲ್ಲಿ ದೊಡ್ಡ ಮೇಜುಗರಗಸವಿದ್ದರೆ ಅಲ್ಲೇ ಕೊಯ್ಸಿ. ಟೈಲ್ ಕತ್ತರಿಸುವ ಕಟರಿಗೆ ಮರದ ಹಲ್ಲಿನ ಬ್ಲೇಡು ಹಾಕಿ ಪ್ಲೈ ಸೀಳುವ ರೂಢಿ ನಮ್ಮಲ್ಲಿ ಹರಡಿದೆ. ಅದನ್ನು ಮಾಡಬೇಡಿ. ಆ ಯಂತ್ರಕ್ಕೆ ಮರ ಕೊಯ್ಯಲು ಬೇಕಾದ ರಕ್ಷಣೆ ಇಲ್ಲ; ಸೀಳು ಮುಚ್ಚಿಕೊಂಡು ಬ್ಲೇಡನ್ನು ಕಚ್ಚಿದರೆ ಯಂತ್ರ ಎಗರಿ ಕೈಯ ಕಡೆಗೇ ಬರುತ್ತದೆ.

ಮಿಲ್ಲಿನವರಿಗೆ ಕೊಡುವ ಚೀಟಿ ಹೀಗಿರಲಿ. ಮೊದಲು ಶೀಟಿನ ಒಂದು ಉದ್ದಂಚನ್ನು ನಾಲ್ಕೈದು ಮಿಮೀ ತೆಗೆದು ನೇರಮಾಡಿ. ಆ ಅಂಚಿನಿಂದ 300 ಮಿಮೀ ಅಗಲದ ನಾಲ್ಕು ಪಟ್ಟಿ ಸೀಳಿ. ಶೀಟಿನ ಅಗಲ 1220 ಮಿಮೀ. ಬ್ಲೇಡು ಪ್ರತಿ ಸೀಳಿಗೂ 3 ಮಿಮೀ ತಿನ್ನುತ್ತದೆ. ಆದ್ದರಿಂದ ನಾಲ್ಕು ಪಟ್ಟಿಗೆ ಸರಿಯಾಗಿ ಜಾಗವಿದೆ, ಕೆಲವೇ ಮಿಮೀ ಮಿಗುತ್ತದೆ. ಮೊದಲ ಎರಡು ಪಟ್ಟಿಯಲ್ಲಿ ತಲಾ ಒಂದು 1800, ಒಂದು 600. ಉಳಿದೆರಡು ಪಟ್ಟಿಯಲ್ಲಿ ತಲಾ ನಾಲ್ಕು 570. ಆಮೇಲೆ ಅವನ್ನು ಹೀಗೆ ಹಂಚಿಕೊಳ್ಳಿ:

ಎಡಬದಿ, ಬಲಬದಿ: 1800 × 300, ಎರಡು
ತಳ, ನಡು, ತಲೆಯ ಹಲಗೆ: 570 × 300, ಮೂರು
ಮೇಲಿನ ಸಡಿಲ ಹಲಗೆ: 568 × 300, ಮೂರು
ಕೆಳಗಿನ ಸಡಿಲ ಹಲಗೆ: 568 × 270, ಒಂದು
ಬಾಗಿಲು: 600 × 298, ಎರಡು
ಪಟ್ಟಿ: 570 × 75, ಮೂರು (ಕೊನೆಯ 570ರ ತುಂಡನ್ನು ಸೀಳಿ)
ಬೆನ್ನು, 6 ಮಿಮೀ: 1716 × 602, ಒಂದು

ತಳ, ನಡು, ತಲೆ ಈ ಮೂರೂ ಸರಿಯಾಗಿ 570 ಇರಬೇಕೆಂಬ ಹಟ ಬೇಡ. 569 ಆದರೂ ನಡೆಯುತ್ತದೆ. ಆದರೆ ಮೂರೂ ಒಂದೇ ಇರಲೇಬೇಕು. ಗರಗಸದ ತಡೆಯನ್ನು ಒಮ್ಮೆ ಬಿಗಿದರೆ ಎಂಟು ತುಂಡೂ ಮುಗಿಯುವ ತನಕ ಅಲುಗಿಸಬೇಡಿ ಎಂದು ನಿಂತು ಹೇಳಿ. ಒಂದೊಂದಕ್ಕೂ ಟೇಪು ಹಿಡಿದು ಗುರುತು ಹಾಕಿ ಕೊಯ್ದರೆ ಒಂದು ಮಿಮೀ ವ್ಯತ್ಯಾಸ ಬಂದೇ ಬರುತ್ತದೆ, ಕಪಾಟಿನ ನಡು ಹೊಟ್ಟೆ ಬಂದಂತೆ ಉಬ್ಬುತ್ತದೆ ಇಲ್ಲವೇ ಒಳಸೇದುತ್ತದೆ.

ಮೇಜುಗರಗಸದಲ್ಲಿ ಚೆಂದದ ಮುಖ ಮೇಲಿರಬೇಕು. ಕೈಯಲ್ಲಿ ಹಿಡಿಯುವ ವೃತ್ತ ಗರಗಸವಾದರೆ ಚೆಂದದ ಮುಖ ಕೆಳಗೆ, ಏಕೆಂದರೆ ಅದರ ಹಲ್ಲು ಕೆಳಗಿನಿಂದ ಮೇಲಕ್ಕೆ ಹೊರಬರುತ್ತದೆ, ಸಿಬಿರು ಏಳುವುದು ಮೇಲಿನ ಮುಖದಲ್ಲಿ. ಕೊಯ್ಯುವ ಗೆರೆಯ ಮೇಲೆ ಕಾಗದದ ಟೇಪು ಅಂಟಿಸಿದರೆ ಸಿಬಿರು ಕಡಿಮೆ.

ಮೈಕಾ ಹಾಕುವುದಾದರೆ

ಅಂಟಿಸಿದ ಮೈಕಾ ದಪ್ಪ ಕೂಡಿಸುತ್ತದೆ. ಹೊರಗೆ 1 ಮಿಮೀ, ಒಳಗೆ 0.8 ಮಿಮೀ ಎಂದರೆ 18ರ ಬದಿ 20ರ ಹತ್ತಿರ ಬರುತ್ತದೆ, ಕಪಾಟಿನ ಹೊರ ಅಗಲ 610 ಆಗುತ್ತದೆ. ಬಾಗಿಲಿನ ಲೆಕ್ಕ ಹೀಗೆ: ಒಳ ಅಗಲಕ್ಕೆ ಎರಡು ಬದಿಯ ದಪ್ಪ ಕೂಡಿಸಿ, 7 ಮಿಮೀ ಕಳೆದು, ಎರಡರಿಂದ ಭಾಗಿಸಿ. ಆ 7ರಲ್ಲಿ 3 ನಡುವಿನ ಸಂದು, ಉಳಿದದ್ದು ಎರಡೂ ಪಕ್ಕಕ್ಕೆ. ಬಂದದ್ದು ಬಾಗಿಲಿನ ಸಿದ್ಧ ಅಗಲ; ಅಂಚುಪಟ್ಟಿ (ಪ್ಲೈಯ ಅಂಚು ಮುಚ್ಚಲು ಅಂಟಿಸುವ ತೆಳು ಪಟ್ಟಿ) 0.8 ಮಿಮೀಯದಾದರೆ ಎರಡೂ ಅಂಚಿಗೆ 1.6 ಕಳೆದು ಪ್ಲೈ ಕೊಯ್ಯಿರಿ. ಮೇಲೆ 298 ಬಂದಿರುವುದು ಹೀಗೆಯೇ. ಮೈಕಾ ಹಾಕಿ ಅಗಲ 610 ಆದಾಗ ಇದೇ ಲೆಕ್ಕ ಸುಮಾರು 300 ಕೊಡುತ್ತದೆ, ಅದು ಪಟ್ಟಿಯ ಪೂರ್ತಿ ಅಗಲ.

ಬಾಗಿಲಿನ ಒಂದೇ ಮುಖಕ್ಕೆ ಮೈಕಾ ಅಂಟಿಸಿ ಇನ್ನೊಂದನ್ನು ಬರಿದೇ ಬಿಡುವುದು ಬಹಳ ಸಾಮಾನ್ಯವಾದ ತಪ್ಪು. ಮುಚ್ಚಿದ ಮುಖ ತೇವ ಕುಡಿಯುವುದಿಲ್ಲ, ಬರಿಮುಖ ಕುಡಿಯುತ್ತದೆ, ಬಿಡುತ್ತದೆ. ಎರಡು ಮುಖ ಎರಡು ರೀತಿ ಹಿಗ್ಗಿ ಕುಗ್ಗಿದಾಗ ಬಾಗಿಲು ಬಿಲ್ಲಾಗುತ್ತದೆ, ಹಿಂಜಿನ ಯಾವ ಸ್ಕ್ರೂ ತಿರುಗಿಸಿದರೂ ಸರಿಯಾಗುವುದಿಲ್ಲ. ಪಾಲಿಶ್, ಬಣ್ಣಕ್ಕೂ ಇದೇ ಮಾತು: ಹೊರಗೆ ಎಷ್ಟು ಕೋಟು ಬಳಿದಿರೋ ಒಳಗೂ ಅಷ್ಟೇ. ಮೊದಲ ಸಲ ಮಾಡುವವರು ಮೈಕಾ ಬಿಟ್ಟು ಪಾಲಿಶ್ ಅಥವಾ ಬಣ್ಣ ಹಾಕುವುದು ಲೇಸು. ದೊಡ್ಡ ಹಲಗೆಗೆ ಗಾಳಿ ಸಿಗದಂತೆ ಮೈಕಾ ಅಂಟಿಸಿ, ಭಾರ ಹೇರಿ ಒಣಗಿಸುವುದಕ್ಕೆ ಜಾಗ ಬೇಕು, ಅಭ್ಯಾಸವೂ ಬೇಕು.

ಸಾಮಾನು

50 ಮಿಮೀ ಉದ್ದದ 8 ನಂಬರಿನ ಸ್ಕ್ರೂ 40, 25 ಮಿಮೀಯ 6 ನಂಬರಿನದು 40, ಝೀರೊ ಕ್ರ್ಯಾಂಕ್ ಆಟೊ ಹಿಂಜ್ 4, ಹಲಗೆ ಕೂರುವ 5 ಮಿಮೀ ಪಿನ್ನು 16, ಹಿಡಿ 2, 22 ಮಿಮೀ ಅಗಲದ ಅಂಚುಪಟ್ಟಿ 15 ಮೀಟರ್, ಫೆವಿಕಾಲ್ ಎಸ್‌ಎಚ್‌ನಂಥ ಬಿಳಿ ಅಂಟು ಅರ್ಧ ಕಿಲೊ, ಅಂಚುಪಟ್ಟಿಗೆ ರಬ್ಬರ್ ಅಂಟಿನ ಸಣ್ಣ ಡಬ್ಬಿ, ಗೋಡೆಗೆ 75 ಮಿಮೀ ಸ್ಕ್ರೂ ಎರಡು, ಅದರ ಪ್ಲಗ್ಗು. ಹಿಂಜ್ ಕೊಳ್ಳುವಾಗ ‘ಝೀರೊ’ ಎಂದು ಒತ್ತಿ ಹೇಳಿ. ಎಂಟು, ಹದಿನಾರು ಕ್ರ್ಯಾಂಕಿನವೂ ನೋಡಲು ಹೆಚ್ಚುಕಡಿಮೆ ಹಾಗೆಯೇ ಇರುತ್ತವೆ, ಆದರೆ ಅವುಗಳ ತೋಳು ಬಾಗಿರುತ್ತದೆ. ಒಂದೇ ನಡುಹಲಗೆಗೆ ಎರಡೂ ಕಡೆಯಿಂದ ಬಾಗಿಲು ಬರುವಲ್ಲಿ ಎಂಟು, ಚೌಕಟ್ಟಿನ ಒಳಗೆ ಬಾಗಿಲು ಕೂರುವಲ್ಲಿ ಹದಿನಾರು. ಬದಿಹಲಗೆಯ ಅಂಚನ್ನು ಬಾಗಿಲು ಪೂರ್ತಿ ಮುಚ್ಚುವ ನಮ್ಮ ಕಪಾಟಿಗೆ ನೇರ ತೋಳಿನದೇ ಬೇಕು.

ಡ್ರಿಲ್ಲಿಗೆ 3, 4.5, 5 ಮಿಮೀ ಬಿಟ್ಟುಗಳು, ಸ್ಕ್ರೂ ತಲೆ ಇಳಿಸುವ ಕೌಂಟರ್‌ಸಿಂಕ್, ಹಿಂಜಿನ ಬಟ್ಟಲಿಗೆ 35 ಮಿಮೀ ಬಿಟ್ಟು. ಟೇಪು, ಮೂಲೆಮಟ್ಟ, ರಸಮಟ್ಟ, ಒಂದು ಜೊತೆ ಕ್ಲ್ಯಾಂಪು, ಅರ, ಉಪ್ಪುಕಾಗದ. ಪ್ಲೈಯ ಪುಡಿಯಲ್ಲಿ ಅಂಟಿನ ಪುಡಿಯೂ ಇರುತ್ತದೆ, ಮುಖಗವಸು ಬಿಡಬೇಡಿ.

ಅಂಚು, ಗುರುತು, ತೂತು

ಜೋಡಿಸುವ ಮೊದಲೇ ಅಂಚುಪಟ್ಟಿ ಅಂಟಿಸಿ: ಬದಿಹಲಗೆ, ಅಡ್ಡಹಲಗೆಗಳ ಮುಂದಿನ ಅಂಚಿಗೆ, ಬಾಗಿಲಿನ ನಾಲ್ಕೂ ಅಂಚಿಗೆ. ರಬ್ಬರ್ ಅಂಟನ್ನು ಪಟ್ಟಿಗೂ ಪ್ಲೈಗೂ ತೆಳ್ಳಗೆ ಬಳಿದು, ಬೆರಳಿಗೆ ಹತ್ತದಷ್ಟು ಆರುವ ತನಕ ಹತ್ತು ಹದಿನೈದು ನಿಮಿಷ ಕಾಯಿರಿ. ಹಸಿಯಿರುವಾಗಲೇ ಒತ್ತಿದರೆ ವಾರದೊಳಗೆ ತುದಿ ಎದ್ದುಬರುತ್ತದೆ. ಮಿಕ್ಕ ಅಗಲವನ್ನು ಬ್ಲೇಡಿನಿಂದ ತೆಗೆದು ಅರದಿಂದ ಸವರಿ.

ಈಗ ಎರಡೂ ಬದಿಹಲಗೆಯನ್ನು ಒಳಮುಖ ಮೇಲೆ ಬರುವಂತೆ, ತೆರೆದ ಪುಸ್ತಕದ ಹಾಗೆ, ಹಿಂದಿನ ಅಂಚುಗಳು ಒಂದಕ್ಕೊಂದು ತಾಗುವಂತೆ ಮಲಗಿಸಿ. ತಲೆ, ಬುಡ ಎಂದು ಬರೆದುಕೊಳ್ಳಿ. ಬುಡದಿಂದ 80, 98, 668, 686, 1782 ಮಿಮೀಗೆ ಎರಡರ ಮೇಲೂ ಒಟ್ಟಿಗೆ ಗೆರೆ ಎಳೆಯಿರಿ. 80–98ರ ನಡುವೆ ತಳ, 668–686ರ ನಡುವೆ ನಡುಹಲಗೆ, 1782ರಿಂದ ತುದಿಯ ತನಕ ತಲೆ. ಹಲಗೆ ಕೂರುವ ಜಾಗಕ್ಕೆ ಅಡ್ಡಗುರುತು ಹಾಕಿ. ಬಿಡಿಬಿಡಿಯಾಗಿ ಗುರುತು ಹಾಕುವವರು ಎರಡೂ ಎಡಬದಿಯನ್ನೇ ಮಾಡಿಟ್ಟು, ಪಿನ್ನಿನ ತೂತುಗಳೆಲ್ಲ ಹೊರಮುಖಕ್ಕೆ ಬಂದಾಗಲೇ ಗಮನಿಸುತ್ತಾರೆ.

ಪಿನ್ನಿನ ತೂತುಗಳಿಗೆ ಮಿಕ್ಕ ತುಂಡಿನಿಂದ ಒಂದು ಅಚ್ಚು ಮಾಡಿಕೊಳ್ಳಿ: ಸಾಲಾಗಿ 32 ಮಿಮೀ ಅಂತರದಲ್ಲಿ ಮೂರು ತೂತು, ಒಂದು ತುದಿಗೆ ‘ಕೆಳಗೆ’ ಎಂಬ ಬರಹ. ಸಾಲು ಮುಂದಿನ ಅಂಚಿನಿಂದ 50, ಹಿಂದಿನ ಅಂಚಿನಿಂದ 50 ಮಿಮೀ. ಮೇಲಿನ ಮೂರು ಸಡಿಲ ಹಲಗೆಗಳ ಅಡಿಮುಖ 946, 1224, 1502ಕ್ಕೆ ಬಂದರೆ ನಾಲ್ಕು ಅರೆಯೂ 260 ಮಿಮೀಯಷ್ಟು ಸಮವಾಗುತ್ತವೆ. ಅಚ್ಚಿನ ನಡುತೂತನ್ನು ಅಲ್ಲಿಗೆ ಹಿಡಿಯಿರಿ. ನಮ್ಮ ಕಾದಂಬರಿಗಳು ಹೆಚ್ಚಾಗಿ ಬರುವ ಎಂಟೂವರೆ ಇಂಚು ಎತ್ತರದ ಡೆಮಿ ಆಕಾರಕ್ಕೆ 260 ಧಾರಾಳ. ದೊಡ್ಡ ಫೈಲು, ನಿಘಂಟು ಇಡುವವರು ಒಂದು ಹಲಗೆ ಕಡಿಮೆ ಮಾಡಿ ಮೂರು ಅರೆ ಮಾಡಿಕೊಂಡರೆ ತಲಾ 353 ಸಿಗುತ್ತದೆ. ಕೆಳಗಿನ ಸಡಿಲ ಹಲಗೆಗೆ ನಡುತೂತು ಬುಡದಿಂದ 374ಕ್ಕೆ. ತೂತಿನ ಆಳ 12 ಮಿಮೀ; ಬಿಟ್ಟಿನ ಮೇಲೆ ಅಷ್ಟಕ್ಕೆ ಟೇಪು ಸುತ್ತಿಟ್ಟುಕೊಳ್ಳಿ. ಒಂದೇ ಹಲಗೆಯ ನಾಲ್ಕು ತೂತುಗಳಲ್ಲಿ ಯಾವುದಾದರೊಂದು ತೂತು ಎರಡು ಮಿಮೀ ಏರಿದರೂ ಆ ಹಲಗೆ ಕುಂಟುತ್ತದೆ.

ಜೋಡಣೆ

ಒಳಮುಖಗಳಿಗೆ ಉಪ್ಪುಕಾಗದ ಉಜ್ಜಿ ಸೀಲರ್ (ಪಾಲಿಶ್‌ಗೆ ಮೊದಲು ಮರದ ರಂಧ್ರ ಮುಚ್ಚುವ ಲೇಪ) ಬಳಿಯುವುದನ್ನು ಈಗಲೇ ಮುಗಿಸಿದರೆ ಆಮೇಲೆ ಅರೆಯೊಳಗೆ ಕೈ ತೂರಿಸಿ ಒದ್ದಾಡುವುದು ತಪ್ಪುತ್ತದೆ. ಹಲಗೆ ಕೂರುವ ಜಾಗಕ್ಕೆ ಮಾತ್ರ ಕಾಗದದ ಟೇಪು ಹಚ್ಚಿ. ಬಿಳಿ ಅಂಟು ಬರಿಮರವನ್ನು ಹಿಡಿಯುತ್ತದೆ, ಸೀಲರಿನ ಮೇಲೆ ಹಿಡಿಯುವುದಿಲ್ಲ.

ಪ್ರತಿ ಕೂಡಿಗೆಗೂ ಮೂರು ಸ್ಕ್ರೂ: ಮುಂದಿನಿಂದ 40, ಹಿಂದಿನಿಂದ 40, ನಡುವೆ ಒಂದು. ಬದಿಹಲಗೆಯಲ್ಲಿ 4.5 ಮಿಮೀ ತೂತು ಪೂರ್ತಿ ಹಾಯಬೇಕು, ಸ್ಕ್ರೂ ಅದರಲ್ಲಿ ಸಡಿಲವಾಗಿ ತೂರಬೇಕು. ಅಡ್ಡಹಲಗೆಯ ಅಂಚಿನಲ್ಲಿ 3 ಮಿಮೀ ತೂತು, 35 ಮಿಮೀ ಆಳ. ಈ ಎರಡು ತೂತಿನ ವ್ಯತ್ಯಾಸವೇ ಕೂಡಿಗೆಯನ್ನು ಬಿಗಿಯಾಗಿ ಎಳೆಯುವುದು. ಎರಡೂ ಕಡೆ ಸಣ್ಣ ತೂತೇ ಇದ್ದರೆ ಸ್ಕ್ರೂ ಎರಡರಲ್ಲೂ ಗೀರಿಕೊಂಡು ನಿಲ್ಲುತ್ತದೆ, ನಡುವೆ ಕೂದಲೆಳೆ ಸಂದು ಉಳಿದೇಬಿಡುತ್ತದೆ. ತೂತೇ ಹಾಕದೆ ನೇರ ಸ್ಕ್ರೂ ಹೊಡೆದರೆ ಅದು ಪದರಗಳ ನಡುವೆ ಬೆಣೆಯಂತೆ ನುಗ್ಗಿ ಅಂಚನ್ನು ಸೀಳುತ್ತದೆ.

ಸಮನೆಲದ ಮೇಲೆ ಹಳೆ ಜಮಖಾನ ಹಾಸಿ, ಬದಿಹಲಗೆಗಳನ್ನು ಮುಂದಿನ ಅಂಚು ಕೆಳಗೆ ಬರುವಂತೆ ನಿಲ್ಲಿಸಿ ನಡುವೆ ತಳ, ತಲೆ ಸೇರಿಸಿ. ನೆಲವೇ ಮಟ್ಟ ಕೊಡುವುದರಿಂದ ಮುಂದಿನ ಅಂಚುಗಳು ತಾವಾಗಿ ಒಂದೇ ಸಮಕ್ಕೆ ಬರುತ್ತವೆ. ಅಂಟು ಹಚ್ಚಿ, ಕ್ಲ್ಯಾಂಪು ಹಾಕಿ, ಮೂಲೆಮಟ್ಟ ನೋಡಿ, ಸ್ಕ್ರೂ ಬಿಗಿಯಿರಿ. ನಡುಹಲಗೆಗೆ ಟೇಪು ಬೇಡ. ತಳ ಮತ್ತು ನಡುವಿನ ಒಳ ಎತ್ತರವೂ ಸರಿಯಾಗಿ 570. 75 ಮಿಮೀಯ ಪಟ್ಟಿಗಳು ಅದೇ ಉದ್ದದವು. ಎರಡನ್ನು ಎರಡೂ ಬದಿಗೆ ಒತ್ತಿಟ್ಟು ನಡುಹಲಗೆಯನ್ನು ಅವಕ್ಕೆ ತಾಗಿಸಿದರೆ ಸರಿಜಾಗಕ್ಕೆ ಬಂದು ಕೂರುತ್ತದೆ.

ಆಮೇಲೆ ಪಟ್ಟಿಗಳು. ಒಂದು ತಳದ ಕೆಳಗೆ, ಮುಂದಿನಿಂದ 40 ಮಿಮೀ ಒಳಗೆ, ಕಾಲ್ಬೆರಳು ತಾಗದಂತೆ. ಇನ್ನೊಂದು ತಳದ ಕೆಳಗೆ ಹಿಂದೆ. ಮೂರನೆಯದು ತಲೆಯ ಕೆಳಗೆ ಹಿಂದೆ, ಗೋಡೆಗೆ ಕಟ್ಟುವುದಕ್ಕೆ. ತುದಿಗೆ ಎರಡೆರಡು ಸ್ಕ್ರೂ. ಕೆಳಗಿನ ಎರಡನ್ನೂ ತಳದ ಹಲಗೆಗೆ ಒತ್ತಿ ಕೂರಿಸಿ. ತಳದ ಕೆಳಗೆ 80 ಮಿಮೀ ಇದ್ದು ಪಟ್ಟಿ 75 ಇರುವುದರಿಂದ ಅವು ನೆಲಕ್ಕೆ 5 ಮಿಮೀ ಮೇಲೇ ನಿಲ್ಲುತ್ತವೆ, ನೆಲ ಒರೆಸಿದ ನೀರು ಏರುವುದಿಲ್ಲ. ಹೊರಗೆ ಉಕ್ಕಿದ ಅಂಟನ್ನು ಆಗಲೇ ಒದ್ದೆ ಬಟ್ಟೆಯಿಂದ ಒರೆಸಿ. ಒಣಗಿದ ಅಂಟಿನ ಕಲೆ ಪಾಲಿಶ್ ಕುಡಿಯದೆ ಬಿಳಿಚಿಕೊಂಡು ಉಳಿಯುತ್ತದೆ.

ಅಂಟು ಹಸಿಯಿರುವಾಗಲೇ ಕರ್ಣ ಅಳೆಯಿರಿ. ಮೂಲೆಯಿಂದ ಎದುರು ಮೂಲೆಗೆ ಎರಡೂ ಅಳತೆ ಒಂದೇ ಬರಬೇಕು, ಸುಮಾರು 1899 ಮಿಮೀ. ಒಂದು ಹೆಚ್ಚಿದ್ದರೆ ಆ ಎರಡು ಮೂಲೆಯನ್ನು ಒಂದರ ಕಡೆಗೊಂದು ಒತ್ತಿ, ಮತ್ತೆ ಅಳೆಯಿರಿ. ಒಂದೆರಡು ಮಿಮೀ ವ್ಯತ್ಯಾಸ ಹಿಂಜಿನಲ್ಲಿ ಸರಿದೂಗುತ್ತದೆ. 5 ಮಿಮೀ ಬಿಟ್ಟರೆ ಎರಡು ಬಾಗಿಲು ಕೂಡುವಲ್ಲಿ ಒಂದು ಮೇಲೆ, ಒಂದು ಕೆಳಗಾಗಿ ಎರಡೂವರೆ ಮಿಮೀ ಮೆಟ್ಟಿಲು ಕಾಣಿಸುತ್ತದೆ, ಆ ಓರೆ ಕೋಣೆಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಬೀಳುತ್ತದೆ. ಅಳತೆ ಸರಿಬಂದ ಮೇಲೆ ಅಲುಗಿಸದೆ ಬೆನ್ನಿನ ಹಲಗೆ ಇಡಿ: ತಲೆಯ ಅಂಚು ಮತ್ತು ಎರಡು ಪಕ್ಕದಿಂದ 2 ಮಿಮೀ ಒಳಗೆ. ನಾಲ್ಕೂ ಸುತ್ತ ಮತ್ತು ನಡುಹಲಗೆಯ ಮೇಲೆ 150 ಮಿಮೀಗೊಂದು 25 ಮಿಮೀ ಸ್ಕ್ರೂ. ತೆಳ್ಳಗಿನ ಈ 6 ಮಿಮೀ ಹಲಗೆಯೇ ಕಪಾಟು ಪಕ್ಕಕ್ಕೆ ವಾಲದಂತೆ ಹಿಡಿಯುವುದು. ಬೆನ್ನಿಲ್ಲದ ಕಪಾಟು ಎಷ್ಟು ಸ್ಕ್ರೂ ಹಾಕಿದರೂ ತೂಗಾಡುತ್ತದೆ. ಒಂದು ರಾತ್ರಿ ಹಾಗೇ ಬಿಡಿ.

ಬಾಗಿಲು

ಬಾಗಿಲಿನ ಹಿಂಬದಿಯಲ್ಲಿ ಹಿಂಜಿನ ಬಟ್ಟಲಿನ ನಡುಬಿಂದು ಉದ್ದಂಚಿನಿಂದ 22 ಮಿಮೀ, ಮೇಲೆ ಕೆಳಗಿನ ತುದಿಯಿಂದ 100 ಮಿಮೀ. 35ರ ಬಿಟ್ಟಿನಿಂದ 12 ಮಿಮೀ ಆಳ ತೋಡಿ. 18ರಲ್ಲಿ ಉಳಿಯುವುದು 6 ಮಾತ್ರ, ಬಿಟ್ಟಿನ ನಡುಮೊನೆ ಅದಕ್ಕಿಂತಲೂ ಮುಂದಿರುತ್ತದೆ. ಮೊದಲು ಮಿಕ್ಕ ತುಂಡಿನ ಮೇಲೆ ತೋಡಿ, ಮೊನೆ ಹೊರಬರುತ್ತದೆಯೇ ನೋಡಿಕೊಳ್ಳಿ. ಡ್ರಿಲ್ ನೆಟ್ಟಗಿರಲಿ, ವೇಗ ಕಡಿಮೆ ಇರಲಿ. ಹಿಂಜನ್ನು ಕೂರಿಸುವಾಗ ಅದರ ತೋಳು ಅಂಚಿಗೆ ಲಂಬವಾಗಿದೆಯೇ ಎಂದು ಮೂಲೆಮಟ್ಟದಲ್ಲಿ ನೋಡಿ ಸ್ಕ್ರೂ ಹಾಕಿ.

ಬದಿಹಲಗೆಯ ಮೇಲೆ ಕೂರುವ ಹಿಂಜಿನ ತಟ್ಟೆಯ ಸ್ಕ್ರೂ ಸಾಲು ಮುಂದಿನ ಅಂಚಿನಿಂದ 37 ಮಿಮೀ ಒಳಗೆ. ಎತ್ತರ ಬುಡದಿಂದ 182 ಮತ್ತು 584. ಆಗ ಬಾಗಿಲಿನ ಕೆಳತುದಿ 82ಕ್ಕೆ ನಿಂತು ತಳದ ಹಲಗೆಯ ಅಂಚನ್ನು ಮುಚ್ಚುತ್ತದೆ, ಮೇಲ್ತುದಿ ನಡುಹಲಗೆಯ ಅಂಚನ್ನು ಮುಚ್ಚುತ್ತದೆ. ಬಾಗಿಲು ಸಿಕ್ಕಿಸಿದ ಮೇಲೆ ತೋಳಿನ ಮುಂದಿನ ಸ್ಕ್ರೂ ತಿರುಗಿಸಿದರೆ ಬಾಗಿಲು ಎಡಬಲಕ್ಕೆ ಸರಿಯುತ್ತದೆ, ಹಿಂದಿನ ಸ್ಕ್ರೂ ಸಡಿಲಿಸಿದರೆ ಒಳಹೊರಗೆ, ತಟ್ಟೆಯ ಸ್ಕ್ರೂ ಸಡಿಲಿಸಿದರೆ ಮೇಲೆಕೆಳಗೆ. ಮೊದಲು ಎತ್ತರ, ಆಮೇಲೆ ನಡುಸಂದು, ಕೊನೆಗೆ ಆಳ. ಕಪಾಟನ್ನು ಅದು ನಿಲ್ಲುವ ಜಾಗದಲ್ಲೇ ರಸಮಟ್ಟಕ್ಕೆ ಕೂರಿಸಿದ ಮೇಲಷ್ಟೇ ಈ ಕೆಲಸ ಮಾಡಿ. ನೆಲ ಓರೆಯಿದ್ದರೆ ಚೌಕಟ್ಟು ತುಸು ವಾಲುತ್ತದೆ, ಬೇರೆ ಕಡೆ ಸರಿಮಾಡಿದ ಬಾಗಿಲು ಅಲ್ಲಿ ತಪ್ಪುತ್ತದೆ.

ಉಜ್ಜುವುದು, ಬಳಿಯುವುದು

120, 180, 220 ನಂಬರಿನ ಉಪ್ಪುಕಾಗದ, ಎಳೆಯ ದಿಕ್ಕಿನಲ್ಲೇ. ಪ್ಲೈಯ ಮೇಲ್ಪದರ ಅರ್ಧ ಮಿಮೀಯಷ್ಟೂ ಇರುವುದಿಲ್ಲ, ಯಂತ್ರವನ್ನು ಒಂದೇ ಕಡೆ ಹಿಡಿದರೆ ಕೆಳಗಿನ ಪದರ ಕಂಡುಬಿಡುತ್ತದೆ. ಸ್ಕ್ರೂ ತಲೆಯ ಗುಳಿಗೆ ಇದೇ ಪ್ಲೈಯ ಹೊಟ್ಟನ್ನು ಬಿಳಿ ಅಂಟಿನಲ್ಲಿ ಕಲಸಿ ತುಂಬಿ, ಒಣಗಿ ಇಳಿದ ಮೇಲೆ ಇನ್ನೊಮ್ಮೆ. ಸೀಲರ್ ಎರಡು ಕೋಟು, ನಡುವೆ 320ರ ಕಾಗದ, ಮೇಲೆ ಪಾಲಿಶ್ ಎರಡು ಕೋಟು. ಮಳೆ ಹಿಡಿದ ದಿನ ಬಳಿದರೆ ಗಾಳಿಯ ತೇವ ಸಿಕ್ಕಿಕೊಂಡು ಮೇಲ್ಮೈ ಹಾಲಿನಂತೆ ಬಿಳಿಚುತ್ತದೆ. ಬಿಸಿಲು ಬರುವ ತನಕ ಕಾಯುವುದೊಂದೇ ದಾರಿ.

ಯಾರ ಕಣ್ಣಿಗೂ ಬೀಳದ ಎರಡು ಕಡೆಗೆ ಮಾತ್ರ ಹೆಚ್ಚು ಬಳಿಯಿರಿ: ಬದಿಹಲಗೆಗಳ ಬುಡದ ಅಂಚು ಮತ್ತು ಬೆನ್ನಿನ ಹಿಂಮುಖ. ಪ್ಲೈ ನೀರು ಕುಡಿಯುವುದು ಅಂಚಿನಿಂದ. ಬುಡಕ್ಕೆ ಮೂರು ನಾಲ್ಕು ಕೋಟು ಕುಡಿಸಿ, ಮೂಲೆಗೊಂದು ರಬ್ಬರ್ ಬಿಲ್ಲೆ ಹೊಡೆಯಿರಿ.

ಗೋಡೆಗೆ ಕಟ್ಟುವುದು

1800 ಎತ್ತರ, 306 ಆಳದ ಕಪಾಟು ತಾನಾಗಿ ನಿಲ್ಲುತ್ತದೆ, ಆದರೆ ಮಗು ಅರೆಯನ್ನೇ ಮೆಟ್ಟಿಲು ಮಾಡಿಕೊಂಡು ಹತ್ತಿದರೆ ಮುಂದಕ್ಕೆ ಮಗುಚುತ್ತದೆ. ಖಾಲಿಯಿದ್ದಾಗಲೂ ಅದು 35–40 ಕಿಲೊ. ಗೋಡೆಗೆ ಕಟ್ಟದೆ ಒಂದು ದಿನವೂ ಬಳಸಬೇಡಿ.

ಗೋಡೆಯ ಬುಡದ ಸ್ಕರ್ಟಿಂಗ್ ಟೈಲು ಹತ್ತು ಹನ್ನೆರಡು ಮಿಮೀ ಮುಂದಿರುವುದರಿಂದ ಕಪಾಟಿನ ಬೆನ್ನು ಗೋಡೆಗೆ ತಾಗುವುದಿಲ್ಲ. ಆ ಸಂದನ್ನು ಮುಚ್ಚಬೇಡಿ, ಅಲ್ಲಿ ಗಾಳಿಯಾಡಿದರೆ ಒದ್ದೆ ಗೋಡೆಯ ತೇವ ಪ್ಲೈಗೆ ಏರುವುದಿಲ್ಲ, ಗೆದ್ದಲಿನ ಮಣ್ಣುದಾರಿ ಬಂದರೂ ಟಾರ್ಚು ಹಾಕಿದಾಗ ಕಾಣುತ್ತದೆ. ಸ್ಕ್ರೂ ಬರುವ ಎರಡು ಕಡೆ ಮಾತ್ರ ಸಂದಿನಷ್ಟೇ ದಪ್ಪದ ತುಂಡಿಡಿ. ಇಲ್ಲದಿದ್ದರೆ ಸ್ಕ್ರೂ ಬಿಗಿದಂತೆ ಕಪಾಟಿನ ತಲೆ ಹಿಂದಕ್ಕೆ ವಾಲುತ್ತದೆ. ತಲೆಯ ಹಲಗೆಯ ಕೆಳಗಿರುವ ಹಿಂಪಟ್ಟಿಯ ಮೂಲಕ ಸ್ಕ್ರೂ ಹೋಗಬೇಕು. ಪಟ್ಟಿ 18, ಬೆನ್ನು 6, ಸಂದು 12 ಕಳೆದರೆ 75ರ ಸ್ಕ್ರೂವಿನಲ್ಲಿ ಸುಮಾರು 40 ಮಿಮೀ ಗೋಡೆಯೊಳಗೆ ಸಿಗುತ್ತದೆ. ಗಾರೆಯ ಪದರವೇ 12ರಿಂದ 20 ಮಿಮೀ ಇರಬಹುದು. ಪ್ಲಗ್ಗು ಅದನ್ನು ದಾಟಿ ಇಟ್ಟಿಗೆಯಲ್ಲಿ ಕೂರಬೇಕು. ಗಾರೆಯಲ್ಲೇ ನಿಂತ ಪ್ಲಗ್ಗು ಎಳೆತ ಬಂದ ದಿನ ಪುಡಿಯ ಸಮೇತ ಕಿತ್ತುಬರುತ್ತದೆ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಗೋಡೆಯೊಳಗೆ ವೈರಿನ ಪೈಪು ಇರುತ್ತದೆ. ಅಲ್ಲಿ ಡ್ರಿಲ್ ಇಡಬೇಡಿ.

ಪುಸ್ತಕ ತುಂಬುವಾಗ ಭಾರದವು ಕೆಳಗಿನ ಅರೆಗೆ. ತುಂಬಿ ನಾಲ್ಕು ವಾರ ಕಳೆದ ಮೇಲೆ ಒಮ್ಮೆ, ಮೊದಲ ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಹಿಂಜಿನ ಸ್ಕ್ರೂಗಳನ್ನು ಕೈತಿರುಪುಳಿಯಲ್ಲಿ ಕಾಲು ಸುತ್ತು ಬಿಗಿದು, ಬಾಗಿಲ ನಡುಸಂದನ್ನು ಮತ್ತೆ 3 ಮಿಮೀಗೆ ತನ್ನಿ. ಇದಕ್ಕೆ ಡ್ರಿಲ್ ಬಳಸಿದರೆ 16 ಮಿಮೀಯ ಆ ಪುಟ್ಟ ಸ್ಕ್ರೂಗಳು ಮರವನ್ನು ಕೊರೆದು ಸುಮ್ಮನೆ ಸುತ್ತತೊಡಗುತ್ತವೆ. ಹಾಗೆ ಆಗಿಯೇಬಿಟ್ಟರೆ ಬಿಳಿ ಅಂಟಿನಲ್ಲಿ ಅದ್ದಿದ ಒಂದೆರಡು ಬೆಂಕಿಕಡ್ಡಿಯನ್ನು ತೂತಿಗೆ ತುರುಕಿ, ಮಟ್ಟಕ್ಕೆ ಕತ್ತರಿಸಿ, ಒಂದು ರಾತ್ರಿ ಒಣಗಿದ ಮೇಲೆ ಅದೇ ಸ್ಕ್ರೂವನ್ನು ಮತ್ತೆ ಹಾಕಿ.